ಏಳನೇ ಹಾಡಿನ ದನಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಗಳೂ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಕೆಲಸ ಹೆಚ್ಚು ಎಂದು ನೆಪ ಹೇಳಬಹುದಿತ್ತು; ಕಿವಿ ಮಂದವಾದವರಿಗೇನು ಬರವೇ? ಆದರೆ ಪೆನ್ನು ಹಿಡಿದಾಗಲೆಲ್ಲ ಒಂದು ಮಾತು ಅಡ್ಡ ಬಂದು ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬರೆಯಲು ಮನಸ್ಸಿಲ್ಲ, ಅದನ್ನೇ ಬರೆಯಲು ಧೈರ್ಯವಿಲ್ಲ. ಬೈಯುವುದಾದರೆ ಬೈ, ಪೂರ್ತಿ ಓದಿದ ಮೇಲೆ ಬೈ.

ನಾವು ಚೆನ್ನಾಗಿದ್ದೇವೆ. ನಿನ್ನ ಭಾವನ ಮೊಣಕಾಲು ನೋವು ಇಳಿದಿದೆ. ನೀನು ಈಜು ಕಲಿಸುವ ಕೊಳದ ರಿಪೇರಿ ಮುಗಿದು ಮಕ್ಕಳು ಮತ್ತೆ ಬರತೊಡಗಿದ್ದು ಓದಿ ಸಂತೋಷವಾಯಿತು. ದಡದಲ್ಲಿ ನಿಂತು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ.

ನಮ್ಮ ಹಾಡುಗಳ ಆಲ್ಬಮ್ ಹೊರಬಂದು ಆರು ವಾರವಾಯಿತು. ನಮ್ಮ ಮೇಷ್ಟ್ರು ನೆಲದ ಮೇಲೆ ನಡೆಯುತ್ತಿಲ್ಲ. ಗಣಿತದ ಪಾಠ ಬಿಟ್ಟು ಹಾಡು ಹೊರತರುವ ಈ ಪುಟ್ಟ ಲೇಬಲ್ ಕಟ್ಟಿದಾಗ ನಕ್ಕವರೇ ಈಗ ಫೋನ್ ಮಾಡುತ್ತಾರಂತೆ. ಲೇಬಲ್ಲಿನ ಎಂಟು ಜನ, ಎಂಟು ಹಾಡು. ಒಬ್ಬೊಬ್ಬರದು ಒಂದೊಂದು, ಒಬ್ಬರ ಹಾಡಿಗೆ ಉಳಿದವರೆಲ್ಲ ನುಡಿಸಬೇಕು. ಹೊದಿಕೆಯ ಮೇಲೆ ಹೆಸರುಗಳು ಮಾತ್ರ, ಯಾರು ಏನು ಮಾಡಿದರೆಂದು ಇಲ್ಲ. "ಎಲ್ಲರೂ ಸೇರಿ ಕಂಡ ಒಂದು ಕನಸು ಅಂತ ಅನಿಸ್ಬೇಕು," ಎಂದು ಮೇಷ್ಟ್ರು ಹಟ ಹಿಡಿದಿದ್ದರು.

ಅದರಲ್ಲಿ ಏಳನೆಯದು ನನ್ನದು. ಕ್ಲಿನಿಕ್ಕಿನ ಬಿಡುವಿನಲ್ಲಿ ಹನ್ನೊಂದು ವರ್ಷ ಬೇರೆಯವರ ದನಿಗಳನ್ನು ಹದ ಮಾಡಿ ಮಿಕ್ಸ್ ಮಾಡಿಕೊಟ್ಟವಳಿಗೆ ಸಿಕ್ಕ ಮೊದಲ ಸ್ವಂತ ಹಾಡು. ನೀನು ನಮ್ಮ ಮನೆಯಲ್ಲಿದ್ದ ಆ ಎರಡು ವಾರದಲ್ಲೇ ಅದರ ರೆಕಾರ್ಡಿಂಗ್. ಸ್ಟುಡಿಯೋದ ಕೆಳಗಿನ ಲಾಂಡ್ರಿಯ ಯಂತ್ರಗಳು ನಿಲ್ಲುವುದು ಮಧ್ಯಾಹ್ನದ ಊಟಕ್ಕೆ, ಒಂದೇ ಗಂಟೆ. ಆ ಗಂಟೆಯಲ್ಲಿ ನಾನು ಮೂರು ಸಲ ಹಾಡಿದೆ. ಬುತ್ತಿ ತಂದ ನೀನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ನಿನಗೇ ಗೊತ್ತಿಲ್ಲದೆ ಎರಡನೇ ಸಾಲು ಗುನುಗಿದೆ. ಮೇಷ್ಟ್ರು ತಿರುಗಿದರು.

"ಏ, ಅದನ್ನ ಇನ್ನೊಂದ್ಸಲ ಹಾಡಮ್ಮ."

ನೀನು ನನ್ನ ಮುಖ ನೋಡಿದೆ. ನಾನು ತಲೆಯಾಡಿಸಿದೆ. ನೀನು ಮೈಕಿನ ಮುಂದೆ ನಿಂತು ಹಾಡಿದೆ, ಅಷ್ಟೇ. ಗಿಟಾರ್ ಹಿಡಿದಿದ್ದ, ನಾವೆಲ್ಲ ಕಡ್ಡಿ ಎಂದು ಕರೆಯುವ ಹುಡುಗ ಬೆರಳಾಡಿಸುವುದನ್ನೇ ಮರೆತ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಹಾಡು ಚೆನ್ನಾಗಿದೆ. ಆದ್ರೆ ಅವಳು ಹಾಡಿದ್ರೆ ಅದು ಉಳ್ಕೊಳ್ಳತ್ತೆ. ನಿರ್ಧಾರ ನಿಂದು," ಎಂದರು.

"ಅವಳೇ ಹಾಡ್ಲಿ ಬಿಡಿ ಮೇಷ್ಟ್ರೇ, ಅದ್ರಲ್ಲೇನಿದೆ," ಎಂದೆ. ನನ್ನದು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ದೊಡ್ಡ ಮನಸ್ಸಂತೆ! ಹೊಟ್ಟೆಯೊಳಗೆ ಕುಲುಮೆ ಹೊತ್ತಿತ್ತು.

ನೀನು ಊರಿಗೆ ಹೋದೆ. ಮಿಕ್ಸಿಂಗ್ ನನ್ನ ಕೈಯಲ್ಲೇ ಇತ್ತು. ಪುಟ್ಟಿ, ಕಿವಿ ಮಂದವಾಗುವಾಗ ಮೊದಲು ಕಳೆದುಹೋಗುವುದು ಸ, ಶ, ಚ, ತ ಇಂಥ ಚೂಪು ಸದ್ದುಗಳು. ಅವು ಹೋದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಿವಿಗೆ ಯಂತ್ರ ಕೂರಿಸಿ ಜನಕ್ಕೆ ಅವನ್ನು ಮರಳಿಸಿಕೊಡುವುದು ನನ್ನ ಕಸುಬು. ಒಂದು ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತು ನಿನ್ನ ದನಿಯಿಂದ ಅವನ್ನೇ ಒಂದೊಂದಾಗಿ ಹೆಕ್ಕಿ ತೆಗೆದೆ. ಮೇಲೆ ಎಕೋ ಸುರಿದೆ. ಅದರ ಮೇಲೆ ಕಡ್ಡಿಯ ಗಿಟಾರನ್ನು ಕಂಬಳಿಯ ಹಾಗೆ ಹೊದಿಸಿದೆ. ಯಾರಿಗೂ ಅನುಮಾನ ಬರಲಿಲ್ಲ. ಇದು ಡ್ರೀಮ್ ಪಾಪ್ ತಾನೆ, ಇದರಲ್ಲಿ ದನಿ ಮಂಜಿನ ಹಾಗೆ ಕರಗಿರುವುದೇ ಚೆಂದ. ಹಾವು ಸತ್ತಿತು, ಕೋಲು ಮುರಿಯಲಿಲ್ಲ.

ಆಲ್ಬಮ್ ಕೇಳಿದವಳೇ ನೀನು ಫೋನ್ ಮಾಡಿದೆ. "ಅಕ್ಕಾ, ಎಲ್ಲಾ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ನಾನೆಲ್ಲಿದೀನಿ?"

"ಈ ಥರದ ಹಾಡೇ ಹಾಗೆ ಕಣೇ. ನಿಂಗದು ಗೊತ್ತಾಗಲ್ಲ," ಎಂದು ನಕ್ಕೆ.

"ಸರಿ ಬಿಡು, ನಿಂಗೆ ಗೊತ್ತಿರತ್ತಲ್ಲ," ಎಂದೆ ನೀನು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನೀನು ಜಗಳವಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

ಆಮೇಲಿನದು ಇನ್ನೂ ಕೆಟ್ಟದ್ದು. ಏಳನೇ ಹಾಡೇ ಜನಕ್ಕೆ ಹಿಡಿಸಿತು. ರೇಡಿಯೋದ ಹೆಂಗಸೊಬ್ಬಳು ಸ್ಟುಡಿಯೋಕ್ಕೇ ಬಂದಳು. ಮೇಷ್ಟ್ರು ಕೆಳಗೆ ಲಾಂಡ್ರಿಯವನ ಜೊತೆ ವಾದಕ್ಕಿಳಿದಿದ್ದರು, ನಾನೊಬ್ಬಳೇ ಇದ್ದೆ. "ಆ ದನಿ ನಿಮ್ದೇ ಅಲ್ವಾ?" ಎಂದು ಕೇಳಿದಳು. "ಯಾರದು ಅಂತ ಹೇಳೋ ಹಾಗಿಲ್ಲ, ಅದು ನಮ್ಮ ನಿಯಮ," ಎಂದೆ. ಎಂದು, ನಕ್ಕೆ. ಬಾಯಿ ಹೇಳದ ಸುಳ್ಳನ್ನು ಆ ನಗು ಹೇಳಿತು. ಮಾರನೇ ದಿನ ರೇಡಿಯೋದಲ್ಲಿ ಅದು ನನ್ನ ದನಿಯಾಯಿತು.

ಅದನ್ನು ಕೇಳಿ ನೀನು ಬರೆದದ್ದೇನು? "ರೇಡಿಯೋದವರಿಗೆ ಯಾರೋ ತಪ್ಪು ಹೇಳಿರ್ಬೇಕು ಅಕ್ಕಾ, ಹೋಗ್ಲಿ ಬಿಡು." ಆ ಸಾಲು ಓದಿ ನನಗೆ ಊಟ ಸೇರಲಿಲ್ಲ.

ಹೋದ ವಾರ ಮೇಷ್ಟ್ರ ಮುಂದೆ ಕೂತು ಎಲ್ಲ ಹೇಳಿದೆ. ಅವರು, "ನೀನು ಜಾಣೆ ಅಂತ ಗೊತ್ತಿತ್ತು. ಇಷ್ಟು ಜಾಣೆ ಅಂತ ಗೊತ್ತಿರ್ಲಿಲ್ಲ," ಎಂದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ, "ಮತ್ತೆ ಮಿಕ್ಸ್ ಮಾಡು. ನನ್ನೆದುರಿಗೇ ಮಾಡು," ಎಂದರು.

ನಿನ್ನೆ ಮಾಡಿದೆ. ತೆಗೆದದ್ದನ್ನೆಲ್ಲ ಹಾಗೇ ವಾಪಸು ಇಟ್ಟೆ. ಕಡ್ಡಿ ಕೇಳಿ ಬೆರಗಾಗಿ, "ಇಷ್ಟು ದಿನ ಎಲ್ಲಿತ್ತು ಇದು?" ಎಂದ. "ನನ್ನ ಹೊಟ್ಟೇಲಿ," ಎಂದೆ. ತಮಾಷೆ ಎಂದುಕೊಂಡು ನಕ್ಕ. ನಾಳೆಯಿಂದ ಎಲ್ಲ ಕಡೆ ಹೊಸದೇ ಕೇಳಿಸುತ್ತದೆ. ಮೇಷ್ಟ್ರು ತಮ್ಮ ನಿಯಮವನ್ನೇ ಮುರಿದು ನಿನ್ನ ಹೆಸರನ್ನು ಹಾಡಿನ ಕೆಳಗೆ ಹಾಕಿಸಿದ್ದಾರೆ. ರೇಡಿಯೋದವಳಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನಿನ್ನೆಯೂ ನಿನ್ನ ದನಿ ತಿಳಿಯಾಗಿ ಮೇಲೆದ್ದಾಗ ಒಳಗೆ ಚುರುಕ್ ಎಂದಿತು. ಆದರೂ ಕೈ ನಿಲ್ಲಿಸಲಿಲ್ಲ. ಸದ್ಯಕ್ಕೆ ನಿನ್ನ ಅಕ್ಕನಿಂದ ಆಗುವುದು ಇಷ್ಟೇ. ಕ್ಷಮಿಸು ಎಂದು ಕೇಳುತ್ತೇನೆ, ಅವಸರವಿಲ್ಲ.

ನಿನ್ನ ಉಸಿರು ಉದ್ದವಾಗಲಿ, ಗಂಟಲು ತಂಪಾಗಿರಲಿ. ನೂರು ಕಾಲ ಹಾಡಿಕೊಂಡಿರು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಇಷ್ಟು ಹೇಳಿದವಳು ಇದನ್ನೇಕೆ ಮುಚ್ಚಿಡಲಿ. ಆ ಮಧ್ಯಾಹ್ನ ನಿನ್ನ ಭಾವ ಸ್ಟುಡಿಯೋದ ಫ್ಯಾನ್ ಬಿಚ್ಚಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು, ನೆನಪಿದೆಯಾ? ನಾನು ಮೂರು ಸಲ ಹಾಡುವಾಗಲೂ ಬಟ್ಟೆಯಿಂದ ಅದರ ರೆಕ್ಕೆ ಒರೆಸುತ್ತಲೇ ಇದ್ದರು. ನೀನು ಹಾಡಲು ಶುರು ಮಾಡಿದ ಮೇಲೆ ಬಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿದರು. ನಿನ್ನ ಮೇಲಾಗಲಿ ಅವರ ಮೇಲಾಗಲಿ ನನಗೆ ಒಂದು ಕೂದಲೆಳೆಯಷ್ಟೂ ಅನುಮಾನವಿಲ್ಲ, ಹಾಗೆ ತಿಳಿಯಬೇಡ. ಸಂಜೆ ಮನೆಗೆ ನಡೆದು ಹೋಗುವಾಗ, "ನಾನು ಹಾಡಿದ್ದು ಹೇಗಿತ್ತು ರೀ?" ಎಂದು ಕೇಳಿದೆ. ಅವರು ದಾರಿಯಲ್ಲೇ ನಿಂತು, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು: "ನೀನೂ ಹಾಡಿದ್ಯಾ? ಯಾವಾಗ?"