ಹಿಂದಿನ ಚಕ್ರ ಎಗರಲಿಲ್ಲ

ಹಿಂದೂಪುರ
20-2-2025, ಗುರುವಾರ

ಚಿರಂಜೀವಿ ರವಿತೇಜನಿಗೆ,

ಅಮ್ಮನ ಆಶೀರ್ವಾದ. ನಾನು, ಮೌನಿಕಾ ಇಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂಬುದು ನಿನ್ನ ಜೊತೆಗಿರುವ ನರೇಂದ್ರ ಮಾವ ಫೋನ್ ಮಾಡಿದಾಗ ತಿಳಿಯುತ್ತದೆ. ತೋಳುಗಳಿಗೆ ಬಲ ಬಂದಿದೆಯಂತೆ, ಮಂಚದಿಂದ ಗಾಲಿಕುರ್ಚಿಗೆ ಯಾರೂ ಹಿಡಿಯದೆ ನೀನೇ ಸರಿದು ಕೂರುತ್ತೀಯಂತೆ. ಆ ಸುದ್ದಿ ಬಂದ ದಿನ ನಿನ್ನ ಹೆಂಡತಿ ಮೌನಿಕಾ ಒಳಗೆ ಹೋಗಿ ಶಾವಿಗೆ ಪಾಯಸ ಮಾಡಿದಳು. ಸಂಕ್ರಾಂತಿ ಮುಗಿದ ಮೇಲೆ ಬರೆಯುತ್ತೇನೆ ಅಂದವಳು ಶಿವರಾತ್ರಿ ಬಾಗಿಲಿಗೆ ಬಂದಾಗ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೌನಿಕಾಳ ಹೆಸರು ಎತ್ತಿದ ತಕ್ಷಣ "ಆಮೇಲೆ ಮಾಡ್ತೀನಮ್ಮ" ಅಂತ ಇಟ್ಟುಬಿಡುತ್ತೀಯ. ವೆಲ್ಲೂರಿನ ಆಸ್ಪತ್ರೆಯಲ್ಲಿ ಕೂತವನಿಗೆ ಕನ್ನಡದ ಅಕ್ಷರ ಸಿಕ್ಕರೆ ಓದದೆ ಬಿಡಲಾರ ಎಂಬ ಧೈರ್ಯ ನನ್ನದು. ಆ ಅಕ್ಷರ ಕಲಿಸಿದವಳೂ ನಾನೇ ತಾನೆ? ಆದ್ದರಿಂದ ಕೊನೆಯವರೆಗೂ ಓದು.

ವಿಷಯ ಏನೆಂದರೆ, ಮೊನ್ನೆ ಭಾನುವಾರ ನಿನ್ನ ಪಿಕಪ್ ಓಟಕ್ಕೆ ಹೋಗಿತ್ತು. ಓಡಿಸಿದ್ದು ಮೌನಿಕಾ.

ಗಾಡಿ ಮಾರಿಬಿಡಿ ಎಂದು ನೀನು ನರೇಂದ್ರನ ಕೈಲಿ ಹೇಳಿ ಕಳಿಸಿದ್ದೆಯಲ್ಲ, ಅದಾದ ವಾರದಲ್ಲೇ ರೊದ್ದಂನಿಂದ ಒಬ್ಬರು ನೋಡಲು ಬಂದರು. ಅದೇ ರೊದ್ದಂನಲ್ಲಿ ತಾನೇ, ಲೋಡಿನ ಮೇಲೆ ಹತ್ತಿ ಟಾರ್ಪಾಲು ಕಟ್ಟುವಾಗ ನೀನು ಜಾರಿ ಬಿದ್ದದ್ದು. ನನಗೆ ಆ ಗಾಡಿ ಮನೆ ಮುಂದಿನಿಂದ ಹೋದರೆ ಸಾಕಾಗಿತ್ತು. ಮೌನಿಕಾ ಬಂದವರಿಗೆ ಕಾಫಿ ಕೊಟ್ಟು, ಓಟ ಆಗುವ ತನಕ ಗಾಡಿ ಮಾರುವುದಿಲ್ಲ ಅಂದಳು. ಯಾವ ಓಟ ಎಂದು ಅವರು ಕೇಳಲಿಲ್ಲ, ನಾನು ಕೇಳಿದೆ. ಹೋದ ವರ್ಷ ನೀವಿಬ್ಬರೂ ನೋಡಿಕೊಂಡು ಬಂದಿರಲ್ಲ, ಗಡಿಯಾಚೆ ವಿಮಾನದ ಹಳೇ ರನ್‌ವೇ ಮೇಲೆ ಎರಡೆರಡು ಗಾಡಿಗಳನ್ನು ನಿಂತಲ್ಲಿಂದ ನೇರಕ್ಕೆ ಓಡಿಸುವ ಡ್ರ್ಯಾಗ್ ರೇಸ್, ಅದೇ. ಅದಕ್ಕೆಂದು ನೀನು ಅರ್ಧ ಸಿದ್ಧಮಾಡಿ ಬಿಟ್ಟಿದ್ದ ಗಾಡಿಯನ್ನು ಅವಳು ಪೂರ್ತಿ ಮಾಡುತ್ತಾಳಂತೆ. ನಾನು ರೇಗಿದೆ. ಈ ಗಾಡಿ ಒಬ್ಬನನ್ನು ಮಲಗಿಸಿದ್ದು ಸಾಲದೆ ಅಂದೆ. ಬೆಳಿಗ್ಗೆ ಅವಳು ಎಂದಿನಂತೆ ಅದೇ ಗಾಡಿಯಲ್ಲಿ ಪರಿಗಿ ಕಡೆಗೆ ರೇಷ್ಮೆಗೂಡು ತರಲು ಹೋದಳು. ನೀನು ಮಲಗಿದಾಗಿನಿಂದ ಹಬ್ಬ ಬಿಟ್ಟರೆ ಆ ಕೆಲಸ ಒಂದು ದಿನವೂ ನಿಂತಿಲ್ಲ ಎಂಬುದು ನಿನಗೆ ಗೊತ್ತಿರಲಿ. ಮಾರ್ಕೆಟ್ಟಿನಲ್ಲಿ ಮೊದಲು ನಕ್ಕವರೆಲ್ಲ ಈಗ ಅವಳ ಗಾಡಿಗೆ ಜಾಗ ಬಿಡುತ್ತಾರೆ.

ಸಂಕ್ರಾಂತಿಗೆ ಅವಳ ತವರು ಕಲ್ಯಾಣದುರ್ಗಕ್ಕೆ ಪಿಕಪ್ಪಿನಲ್ಲೇ ಹೋದೆವು. ಬೆಳುಗುಪ್ಪ ದಾರಿಯಲ್ಲಿ, ಲಾರಿಗಳ ಕೆಳಗೆ ಭಾರ ಹೊರುವ ಉಕ್ಕಿನ ಪಟ್ಟಿ ಕಟ್ಟುವ ಬೀಗರ ಕಮಾನುಪಟ್ಟಿ ಅಂಗಡಿ ನೀನು ನೋಡಿದ್ದೇ. ಹಬ್ಬದ ಊಟ ಮುಗಿಸಿದವರೇ ಅಪ್ಪ ಮಗಳು ಗಾಡಿಯ ಕೆಳಗೆ ಸೇರಿಕೊಂಡರು. ನಿನ್ನ ಗಾಡಿಯ ರೋಗ ನಿನಗೇ ಗೊತ್ತು: ನಿಂತಲ್ಲಿಂದ ಒಮ್ಮೆಲೇ ಜೋರಾಗಿ ಎತ್ತಿದರೆ ಹಿಂದಿನ ಚಕ್ರಗಳು ಕಪ್ಪೆ ಹಾಗೆ ಎಗರುತ್ತವೆ. ಎಂಜಿನ್ನಿನ ಬಲವೆಲ್ಲ ಎಗರುವುದರಲ್ಲೇ ಹೋಗಿ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಬೀಗರು ಮುತ್ಯಾಲಪ್ಪನವರು ಪಟ್ಟಿ ಸಾಲದು ಅಂದುಕೊಂಡು ಇನ್ನೊಂದು ಪಟ್ಟಿ ಸೇರಿಸಿ ಬಿಗಿದರು. ಹತ್ತಿರದಲ್ಲೇ ಗೋಡೌನು ಕಟ್ಟಲೆಂದು ಮಟ್ಟ ಮಾಡಿ ಬಿಟ್ಟಿದ್ದ ಬಯಲಿನಲ್ಲಿ ಓಡಿಸಿ ನೋಡಿದರೆ ಮೊದಲಿಗಿಂತ ಹೆಚ್ಚು ಎಗರಿ ಪಕ್ಕದ ಕನ್ನಡಿ ಕಳಚಿ ಬಿತ್ತು. ನಾನು ಮನಸ್ಸಿನಲ್ಲೇ, ಸರಿ, ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲೆ ಮೌನಿಕಾ ಅಪ್ಪನನ್ನು ಓಡಿಸಲು ಕೂರಿಸಿ, ತಾನು ಪಕ್ಕದ ಮಣ್ಣಿನಲ್ಲಿ ಬೋರಲು ಮಲಗಿ ಫೋನಿನಲ್ಲಿ ವಿಡಿಯೋ ತೆಗೆದಳು. ಅದನ್ನು ನಿಧಾನವಾಗಿ ಓಡಿಸಿ ನೋಡಿದಾಗ ಅವಳ ಮುಖ ಬೆಳಗಿತು ರವಿ. ನನಗೂ ತೋರಿಸಿದಳು. ನನಗೆ ಏನೂ ಅರ್ಥವಾಗಲಿಲ್ಲ. ಆಗ ನನ್ನ ಚೀಲದಲ್ಲಿದ್ದ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು ಎರಡು ತುದಿಯನ್ನೂ ನನ್ನ ಕೈಲಿ ಹಿಡಿಸಿ, ನಟ್ಟನಡುವೆ ಹಿಡಿದು ತಿರುಚಿದಳು. ಸ್ಕೇಲಿನ ಒಂದರ್ಧ ಮೇಲಕ್ಕೆ ಉಬ್ಬಿತು, ಇನ್ನೊಂದರ್ಧ ಕೆಳಕ್ಕೆ ಬಾಗಿತು.

"ಚಕ್ರ ಮುಂದಕ್ಕೆ ತಿರುಗ್ದಂಗೆ ಆಕ್ಸಲ್ಲು, ಅದೇ ಚಕ್ರದ ಅಚ್ಚು, ಹಿಂದಕ್ಕೆ ತಿರುಚ್ಕೊಂತದೆ ಅತ್ತಮ್ಮ. ಪಟ್ಟಿ ಹಿಂಗೆ ಬಾಗ್ತದೆ, ತಡ್ಕೊಳ್ಳಕ್ಕಾಗ್ದೆ ಬಿಟ್ಬುಡ್ತದೆ. ಬಿಟ್ಟಾಗ್ಲೇ ಎಗರೋದು. ಪಟ್ಟಿ ಜಾಸ್ತಿ ಹಾಕೋದಲ್ಲ, ತಿರುಚೋದ ನಿಲ್ಲಿಸ್ಬೇಕು."

ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದ ನನಗೆ, ಹೀಗೆ ಪಾಠ ಹೇಳುವವರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಅನ್ನಿಸಿತು.

ಆಕ್ಸಲ್ಲಿನ ಮುಂದಿರುವ ಅರ್ಧ ಪಟ್ಟಿ ಮಾತ್ರ ಗಟ್ಟಿಯಾಗಬೇಕು, ಹಿಂದಿನ ಅರ್ಧ ಮೆತ್ತಗೇ ಇರಬೇಕು ಎಂದು ಅವಳ ಲೆಕ್ಕ. ಅಪ್ಪನಿಗೆ ಒಪ್ಪಿಗೆಯಿಲ್ಲ. ಲಾರಿಗೆ ಹಾಗೆ ಯಾರೂ ಕಟ್ಟುವುದಿಲ್ಲ ಅಂದರು. ಇವಳು ಬಿಡಲಿಲ್ಲ, ವಿಡಿಯೋವನ್ನು ಮತ್ತೆ ಮತ್ತೆ ತೋರಿಸಿದಳು. ಕೊನೆಗೆ ಮುತ್ಯಾಲಪ್ಪನವರು ಫೋನು ತಾವೇ ತೆಗೆದುಕೊಂಡು ಇನ್ನೊಮ್ಮೆ ಓಡಿಸಿ ನೋಡಿದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಮರೆಯುವುದಿಲ್ಲ.

"ನಾನು ಇಷ್ಟು ವರ್ಷ ಭಾರ ಹೊರೋ ಪಟ್ಟಿ ಕಟ್ಟಿದೀನಿ ಕಣಮ್ಮ, ಓಡೋ ಪಟ್ಟಿ ಕಟ್ಟಿಲ್ಲ. ನೀನು ಹೇಳು, ನಾನು ಕಾಯಿಸ್ತೀನಿ."

ಅಲ್ಲಿಂದ ಮುಂದೆ ಮಗಳು ಹೇಳುವುದು, ಅಪ್ಪ ಕಾಯಿಸುವುದು. ಲೋಡಿಗೆಂದು ಕೆಳಗಿದ್ದ ದಪ್ಪ ಪಟ್ಟಿಗಳನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿಟ್ಟರು. ಗಿಡ್ಡ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಎಣ್ಣೆಯಲ್ಲಿ ಮುಳುಗಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಮುಂದಿನ ಅರ್ಧಕ್ಕೆ ಮಾತ್ರ ಕೂರಿಸಿದರು. ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡುವ ಕ್ಲಾಂಪುಗಳಲ್ಲಿ ಮುಂದಿನವು ಬಿಗಿ, ಹಿಂದಿನವು ಸಡಿಲ. ಪ್ರತಿ ಪಕ್ಕಕ್ಕೂ ಆಕ್ಸಲ್ಲಿನಿಂದ ಮುಂದಕ್ಕೆ ಚಾಸಿಯ ಚೌಕಟ್ಟಿನವರೆಗೆ ಗಟ್ಟಿ ಪೈಪೊಂದನ್ನು ಜೋಡಿಸಿದರು, ಆಕ್ಸಲ್ಲು ತಿರುಚಲು ಹೋದರೆ ಅದು ಅಡ್ಡ ನಿಲ್ಲುತ್ತದಂತೆ. ಸುತ್ತಿಗೆ ಅವಳ ಕೈಯಲ್ಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪ ಇಕ್ಕುಳದಲ್ಲಿ ತಿರುಗಿಸಿದ ಕಡೆ ತಪ್ಪದೆ ಹೊಡೆಯುತ್ತಿದ್ದಳು. ಮದುವೆಯ ಫೋಟೋದಲ್ಲಿ ತಲೆ ಬಗ್ಗಿಸಿ ಕೂತ ಹುಡುಗಿ ಇವಳೇನಾ ಎಂದು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಯಲಿನಲ್ಲಿ ಮತ್ತೆ ಓಡಿಸಿದಾಗ ಗಾಡಿ ಹಿಂದಕ್ಕೆ ಒಂದಿಷ್ಟು ಕುಕ್ಕರಿಸಿ, ನೆಲ ಕಚ್ಚಿಕೊಂಡು ಹೊರಟಿತು. ಮುತ್ಯಾಲಪ್ಪನವರು ತಲೆಯ ಟವಲು ತೆಗೆದು ಮುಖ ಒರೆಸಿಕೊಂಡರು.

ಹಬ್ಬ ಮುಗಿಸಿ ಲೋಡಿನ ಪಟ್ಟಿಗಳನ್ನೇ ಕಟ್ಟಿಕೊಂಡು ಬಂದೆವು, ಓಟದ ಹಿಂದಿನ ದಿನ ಮುತ್ಯಾಲಪ್ಪನವರು ಬಂದು ಮತ್ತೆ ಓಟದ ಪಟ್ಟಿ ಕೂರಿಸಿದರು. ಭಾನುವಾರ ಅಪ್ಪ ಮಗಳ ಜೊತೆ ನಾನೂ ಹೋದೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಅಲ್ಲೇ ನಿಂತು ಹೆದರುವುದು ಮೇಲು ಅನ್ನಿಸಿತು. ಆಂಬುಲೆನ್ಸು, ಬೆಂಕಿ ಆರಿಸುವವರು, ಎಲ್ಲ ವ್ಯವಸ್ಥೆ ಇತ್ತು. ತಪಾಸಣೆಯವರು ಗಾಡಿಯ ಕೆಳಗೆ ತೂರಿ ಬೆಸುಗೆಯನ್ನೆಲ್ಲ ತಟ್ಟಿ ನೋಡಿದರು. ಯಾರು ಮಾಡಿದ್ದೆಂದು ಒಬ್ಬರು ತೆಲುಗಿನಲ್ಲಿ ಕೇಳಿದ್ದಕ್ಕೆ, ಪಟ್ಟಿ ನಮ್ಮ ನಾಯ್ನ ಎಂದು ಅಪ್ಪನನ್ನು ತೋರಿಸಿ, ಎಂಜಿನ್ನು ನಮ್ಮ ಯಜಮಾನರು ಅಂದಳು. ಮೈಕಿನಲ್ಲಿ ಅವಳ ಹೆಸರಿನ ಹಿಂದೆಯೇ ಅವಳಪ್ಪನ ಹೆಸರನ್ನೂ ನಿನ್ನ ಹೆಸರನ್ನೂ ಕೂಗಿದರು. "ಎಂಜಿನ್, ರವಿತೇಜ, ಹಿಂದೂಪುರ." ನಿನ್ನ ಹೆಸರು ಆ ಬಯಲಿನ ಕೊನೆಯವರೆಗೂ ಕೇಳಿಸಿತು.

ಮೊದಲ ಓಟದಲ್ಲಿ ಪಕ್ಕಕ್ಕೆ ಕೋಲಾರದ ಕಡೆಯ ಕಪ್ಪು ಪಿಕಪ್ ನಿಂತಿತ್ತು. ಹಸಿರು ದೀಪ ಬಿತ್ತು. ಕಪ್ಪು ಗಾಡಿ ಎಗರಿತು, ನಮ್ಮದು ಎಗರಲಿಲ್ಲ. ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ನಾನು ಪಕ್ಕದಲ್ಲಿದ್ದ ಯಾರದೋ ತೋಳು ಹಿಡಿದುಕೊಂಡಿದ್ದೆ, ಬಿಟ್ಟಾಗ ನೋಡಿದರೆ ಅವರು ಪೊಲೀಸಿನವರು. ಆ ಓಟ ಗೆದ್ದೆವು. ಎರಡನೆಯದರಲ್ಲೂ ಮುಕ್ಕಾಲು ದಾರಿಯವರೆಗೆ ಮುಂದಿದ್ದಳು. ಇದ್ದಕ್ಕಿದ್ದಂತೆ ವೇಗ ಇಳಿಸಿ ಪಕ್ಕಕ್ಕೆ ತಂದು ನಿಲ್ಲಿಸಿಬಿಟ್ಟಳು. ಜನ ಹೆದರಿದಳು ಅಂದುಕೊಂಡರು, ಹಿಂದಿನಿಂದ ಯಾರೋ ನಕ್ಕರು. ಅವಳು ಹೆಲ್ಮೆಟ್ಟು ತೆಗೆದು ಗಾಡಿಯ ಕೆಳಗೆ ತೂರಿದಳು. ಬಲಗಡೆ ಪಟ್ಟಿಯ ಮುಂದಿನ ಕಣ್ಣಿನಲ್ಲಿ, ಅಂದರೆ ಅದು ಚಾಸಿಗೆ ಸೇರುವ ತೂತಿನಲ್ಲಿ, ಇರುವ ರಬ್ಬರು ಬುಷ್ ಹರಿದಿತ್ತು. ಓಡುವಾಗಲೇ ಅದರ ಸದ್ದು ಅವಳ ಕಿವಿಗೆ ಬಿದ್ದಿದೆ. ಕೊನೆಯ ಗೆರೆ ಹತ್ತಿರವೇ ಇತ್ತಲ್ಲ, ಹೇಗೋ ಮುಗಿಸಬಹುದಿತ್ತಲ್ಲ ಎಂದು ಬಾವುಟ ಹಿಡಿದವನು ಕೇಳಿದ.

"ನಾಳೆ ಇದ್ರಾಗೇ ಗೂಡು ತರ್ಬೇಕು ಕಣಣ್ಣ," ಅಂದಳು. "ಪ್ರೈಜ್ ಕಪ್ಪು ತಗೊಂಡು ಗಾಡಿ ಮುರ್ಕೊಂಡು ಹೋದ್ರೆ ಆಯ್ತದಾ?"

ಗೆಲ್ಲುವ ಓಟವನ್ನು ಹಾಗೆ ಕೈಯಾರೆ ಬಿಡುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಹೇಳು. ಬಹುಮಾನದ ಕಪ್ಪನ್ನು ಕೋಲಾರದವರೂ ಅಲ್ಲ, ನಾವೂ ಅಲ್ಲ, ಅನಂತಪುರದವರು ತೆಗೆದುಕೊಂಡು ಹೋದರು. ನಮ್ಮವಳು ಅವರ ಗಾಡಿಯ ಕೆಳಗೂ ಬಗ್ಗಿ ನೋಡಿ, ಏನೋ ಕೇಳಿ ತಿಳಿದುಕೊಂಡೇ ಬಂದಳು. ಸಂಜೆ ನಮ್ಮ ಬೀದಿಯಲ್ಲೇ ಅಪ್ಪ ಮಗಳು ಹೊಸ ಬುಷ್ ಹಾಕಿ, ಗೋಣಿಯಲ್ಲಿದ್ದ ಲೋಡಿನ ಪಟ್ಟಿಗಳನ್ನು ಮತ್ತೆ ಕಟ್ಟಿದರು. ಸೋಮವಾರ ಗಾಡಿ ಪರಿಗಿಗೆ ಹೋಗಿ ಗೂಡು ತಂದಿತು. ರೊದ್ದಂನವರಿಗೆ ಗಾಡಿ ಮಾರುವುದಿಲ್ಲ ಎಂದು ನಾನೇ ಹೇಳಿ ಕಳಿಸಿದ್ದೇನೆ. ಅದಕ್ಕೆ ನೀನು ರೇಗುವುದಾದರೆ ನನ್ನ ಮೇಲೆ ರೇಗು.

ರವಿ, ನನಗೆ ಹೆಣ್ಣುಮಗು ಹುಟ್ಟಲಿಲ್ಲವೆಂಬ ಕೊರಗಿತ್ತು. ಈಗ ಇಲ್ಲ. ಆದರೆ ಹುಟ್ಟಿದ್ದರೂ ನಾನು ಇಂಥವಳನ್ನು ಬೆಳೆಸುತ್ತಿದ್ದೆನೋ ಇಲ್ಲವೋ. ಅದರ ಪುಣ್ಯ ಕಲ್ಯಾಣದುರ್ಗದವರದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ವ್ಯಾಯಾಮ ಹೇಳಿಕೊಡುವವರ ಮೇಲೆ ಸಿಡುಕಬೇಡ. ನರೇಂದ್ರನಿಗೂ ಸ್ವಲ್ಪ ನಿದ್ದೆ ಮಾಡಲು ಬಿಡು. ದೇವರು ನಿನ್ನ ತೋಳಿಗೆ ಕೊಟ್ಟ ಬಲವನ್ನು ಮನಸ್ಸಿಗೂ ಕೊಡಲಿ. ನೂರ್ಕಾಲ ಬಾಳು, ಒಬ್ಬನೇ ಅಲ್ಲ.

ಇಂತಿ ನಿನ್ನ ಅಮ್ಮ,
ರಮಾದೇವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಟ್ಟುಕೊಂಡಿದ್ದೆ. ನಿನ್ನೆ ಬೆಳಿಗ್ಗೆ ತರಕಾರಿ ಹೆಚ್ಚುತ್ತಿದ್ದವಳನ್ನು, ರವಿಗೆ ಕಾಗದ ಬರೀತಿದೀನಿ, ನೀನೂ ಒಂದು ಮಾತು ಸೇರಿಸ್ತೀಯೇನಮ್ಮ ಎಂದು ಕೇಳಿದೆ. ಆಗ ಹೇಳಿದಳು. ದೀಪಾವಳಿಗೆ ನಾವು ವೆಲ್ಲೂರಿಗೆ ಬಂದಿದ್ದಾಗ, ಅವಳಿಗಿನ್ನೂ ವಯಸ್ಸಿದೆ, ನಡೆಯಲಾಗದವನ ಜೊತೆ ಏನು ಮಾಡುತ್ತಾಳೆ, ಕಲ್ಯಾಣದುರ್ಗಕ್ಕೆ ಕಳಿಸಿ ಇನ್ನೊಂದು ಮದುವೆ ಮಾಡಿಬಿಡಿ ಎಂದು ನೀನು ನರೇಂದ್ರನಿಗೆ ಹೇಳಿದೆಯಂತೆ. ಅವಳು ಗಂಜಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬಂದು ಗಂಜಿ ಕುಡಿಸಿದಳು, ನಿನಗೆ ಗೊತ್ತಾಗಲಿಲ್ಲ. ಇಷ್ಟು ದಿನ ನನಗೂ ಹೇಳಿರಲಿಲ್ಲ, ಅವಳಪ್ಪನಿಗಂತೂ ಈಗಲೂ ಗೊತ್ತಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ:

"ಕಾಲು ಹೋಗಿದ್ದಕ್ಕೆ ನಂಗೆ ದುಃಖ ಐತೆ ಅತ್ತಮ್ಮ, ಆದ್ರೆ ಕೋಪ ಇಲ್ಲ. ಇದಕ್ಕೆ ಕೋಪ ಐತೆ. ನನ್ನ ಬದುಕು ಏನಾಗ್ಬೇಕು ಅಂತ ನರೇಂದ್ರ ಮಾವನ್ನ ಕೇಳಿದ್ರು, ನನ್ನ ಒಂದ್ ಮಾತು ಕೇಳ್ಲಿಲ್ಲ."

ಮುಂದಿನ ವಾರ ಶನಿವಾರ ಅವಳು ಅಲ್ಲಿಗೆ ಬರುತ್ತಾಳೆ. ಓಟದ ವಿಷಯ ಹೇಳುತ್ತಾಳೆ, ಗೂಡಿನ ವಿಷಯ ಹೇಳುತ್ತಾಳೆ, ಇದನ್ನು ಮಾತ್ರ ಅವಳಾಗಿ ಎತ್ತುವುದಿಲ್ಲ. ನರೇಂದ್ರನನ್ನು ಹೊರಗೆ ಕಳಿಸು, ಬಾಗಿಲು ಹಾಕಿಕೊ, ನೀನೇ ಅವಳನ್ನು ಕೇಳು.