ಗರಿ ಹಾರದ ಹಾಗೆ

ಪ್ರಾಗ್, ಮಂಗಳವಾರ

ಪ್ರೀತಿಯ ಅತ್ತೆ,

ನಮ್ಮ ಅಡುಗೆಮನೆಯಲ್ಲಿ ಹೆಬ್ಬಾತಿನ ಗರಿ ಬಿಡಿಸುವಾಗ, ಉಸಿರಿಗೆ ಗರಿ ಹಾರದ ಹಾಗೆ ನಾವೆಲ್ಲ ಮೆಲ್ಲಗೆ ಗುನುಗುವ ಹಾಡನ್ನು ನನ್ನ ಸಂಗೀತದ ಮೇಷ್ಟ್ರು ಹವ್ರಾನೆಕ್ ತಮ್ಮ ಹೊಸ ಕೃತಿಯಲ್ಲಿ ಸೇರಿಸಿದ್ದಾರೆ. ಪಿಟೀಲಿನವರು ಅದನ್ನು ಗದ್ದಲವೆಬ್ಬಿಸಿ ನುಡಿಸುತ್ತಿದ್ದರು. ಇವತ್ತು ಮೇಷ್ಟ್ರು ತಮ್ಮ ದಿಂಬನ್ನೇ ಹರಿದು ಅವರೆದುರು ಗರಿ ಸುರಿದರು.

"ಕಮಾನಿನ ಗಾಳಿಗೆ ಒಂದೂ ಹಾರಬಾರದು. ಹಾಗೆ ನುಡಿಸಿ."

"ನಾವೇನು ಬಾತು ಕಾಯೋರಾ, ಮೇಷ್ಟ್ರೇ?" ಎಂದು ಪಿಟೀಲಿನ ಯಾರೋಶ್ ಗೊಣಗಿದ. ಆದರೂ ನುಡಿಸಿದರು. ನಮ್ಮ ಅಡುಗೆಮನೆಯೇ ಕೇಳಿಸಿತು, ಅತ್ತೆ! ಒಂದು ಗರಿಯೂ ಅಲುಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರಿಗೇ ಕೆಮ್ಮು ಬಂತು. ಕೋಣೆ ತುಂಬ ಗರಿ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಚಳಿ ಶುರುವಾದಾಗಿನಿಂದ ಆ ಕೆಮ್ಮು ಬಿಟ್ಟಿಲ್ಲ. ಎದೆಗೆ ಹಚ್ಚಲು ಬಾತಿನ ಕೊಬ್ಬನ್ನು ನಾಳೆಯೇ ಅಂಚೆಗೆ ಹಾಕು, ಮರೆಯಬೇಡ.

ಭಾನುವಾರ ಕಛೇರಿ. "ನಾನು ಬಾಗಿಲಾಚೆ ಕೂತ್ಕೋತೀನಿ ಬಿಡಮ್ಮ" ಎನ್ನುತ್ತಿದ್ದಾರೆ ಮೇಷ್ಟ್ರು.

ಅವಸರದಲ್ಲಿ,
ಬ್ಲಾಜೆನಾ