ಒಳಹೊಲಿಗೆಯಿಲ್ಲದ ಪ್ಯಾಂಟು

ಅಖಿಲ ಅಶ್ವಕುಲ ಪೋಷಕಿ, ಲಾಯ ಸಾಮ್ರಾಜ್ಯದ ಏಕಚಕ್ರಾಧೀಶ್ವರಿ, ಹಟಮಾರಿ ಕುದುರೆಗೂ ಹಟಮಾರಿ ಸೋದರಸೊಸೆಗೂ ಒಂದೇ ಲಗಾಮು ಹಾಕಬಲ್ಲ ಅತ್ತೆಯವರ ಪಾದಾರವಿಂದಗಳಿಗೆ, ಬೂಟುಗಳ ಸಮೇತ, ಅನಂತ ನಮಸ್ಕಾರಗಳು.

ನಿನ್ನೆ ನೀವು ಊರಲ್ಲಿರಲಿಲ್ಲ. ಮಾವನನ್ನು ಕಾಡಿ ಬೇಡಿ, ಮೊದಲ ಸಲ ನಿಮ್ಮ ಕೆಂಪಿಯನ್ನು ಹತ್ತಿ ಕೆರೆ ಸುತ್ತಿ ಬಂದೆ. ಎಂಥ ಕುದುರೆ ಅತ್ತೆ ಅವಳು! ನಾನು ಒಂದು ಕಡೆ ಜಾರಿದರೆ ತಾನಾಗಿಯೇ ನಿಂತು, ನಾನು ನೆಟ್ಟಗಾಗುವವರೆಗೂ ಕಿವಿ ಹಿಂದಕ್ಕೆ ತಿರುಗಿಸಿ ಕಾಯುತ್ತಿದ್ದಳು. ಶಾಲೆಯಲ್ಲಿ ಯಾವ ಮೇಷ್ಟರೂ ನನಗಾಗಿ ಅಷ್ಟು ಕಾದದ್ದಿಲ್ಲ.

ಹೋದ ವಾರ ಅಂಗಡಿಯಲ್ಲಿ ನೀವು ಸವಾರಿ ಪ್ಯಾಂಟಿನ ಒಳಮೈ ಹೊರಗೆ ತಿರುವಿ, ತೊಡೆಯ ಒಳಗಡೆ ಉಜ್ಜುವ ಹೊಲಿಗೆಯೇ ಇಲ್ಲವೆಂದು ಹೆಬ್ಬೆರಳಿನಿಂದ ಸವರಿ ತೋರಿಸಿದಿರಿ. ನಾನೋ, ಅದು ಅಜ್ಜನ ಚಡ್ಡಿಯಂತಿದೆಯೆಂದು ನಕ್ಕು, ನನ್ನ ಜೀನ್ಸೇ ಸಾಕೆಂದೆ. "ಕುದುರೆ ಮೇಲೆ ಚೆನ್ನಾಗಿ ಕಾಣೋದಲ್ಲ ಕಣೇ, ಚೆನ್ನಾಗಿ ಕೂರೋದು ಮುಖ್ಯ!" ಅಂದಿರಿ. ಇಡೀ ಅಂಗಡಿ ತಿರುಗಿ ನೋಡಿತು. ಆದರೂ ನೀವು ಅದನ್ನು ಕೊಂಡು ತಂದು ಲಾಯದ ಗೂಟಕ್ಕೆ ನೇತುಹಾಕಿದ್ದೀರಿ. ಆಹಾ, ಏನು ದೂರದೃಷ್ಟಿ!

ಸದರಿ ಪ್ಯಾಂಟನ್ನು ದಯವಿಟ್ಟು ಮಾವನ ಕೈಲಿ ಕಳಿಸಿಕೊಡಿ. ಹಿರಿಯರ ಆಯ್ಕೆಯನ್ನು ಗೌರವಿಸಬೇಕೆಂಬ ಸದುದ್ದೇಶವಲ್ಲದೆ ಬೇರೇನೂ ಕಾರಣವಿಲ್ಲ. ಕೆಲಸದ ಒತ್ತಡದಿಂದ ಈ ಭಾನುವಾರ ಸವಾರಿ ಕಲಿಯಲು ಬರಲಾಗುವುದಿಲ್ಲ. ಅಷ್ಟಕ್ಕೇ ಕೆಂಪಿಯನ್ನು ನಿಮ್ಮ ಇನ್ನೊಬ್ಬ ಶಿಷ್ಯ, ಆ ಡಾಕ್ಟರ ಮಗನಿಗೆ ಕೊಟ್ಟುಬಿಡಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ.

ಇಂತಿ ತಮ್ಮ ಪರಮ ಆಜ್ಞಾಧಾರಕಿ,
ಅಣ್ಣನ ಮಗಳು

ತಾ.ಕ.: ಕೆಲಸದ ಒತ್ತಡವೇನೂ ಇಲ್ಲ. ಅಮ್ಮ ಎರಡು ದಿಂಬು ಕೊಟ್ಟರೂ ಪ್ರಯೋಜನವಾಗದೆ, ಈ ಪತ್ರವನ್ನು ಮೊದಲಿಂದ ಕೊನೆಯವರೆಗೂ ನಿಂತುಕೊಂಡೇ ಬರೆದಿದ್ದೇನೆ.